ಪ್ಲಾಟ್‌ಫಾರಮ್ಮಿನ ಮಕ್ಕಳು ಯಾರ ಮಕ್ಕಳು?

ಬೀದಿ ಮಕ್ಕಳ ಮಾತೆತ್ತಿದ ಕೂಡಲೇ ನಮ್ಮ ಊರುಗಳ ಮರ್ಯಾದಸ್ಥರ ಬಾಯಿಂದ ಮೂರು ಮಾತು ತಪ್ಪದೆ ಬರುತ್ತವೆ. ‘ಅವು ಮನೆ ಬಿಟ್ಟು ಓಡಿಬಂದ ಪುಂಡ ಹುಡುಗರು’ ಎಂಬುದು ಮೊದಲನೆಯದು. ‘ಹೆತ್ತವರಿಗೇ ಬೇಡವಾದರೆ ನಾವೇನು ಮಾಡೋಣ? ಅಪ್ಪ ಕುಡುಕ, ಅವ್ವನಿಗೆ ಪುರಸೊತ್ತಿಲ್ಲ’ ಎಂಬುದು ಎರಡನೆಯದು. ‘ದುಡಿದು ತಿಂದರೆ ತಪ್ಪೇನು? ಒಂದು ಕಸುಬಾದರೂ ಕಲಿಯುತ್ತವೆ’ ಎಂಬುದು ಮೂರನೆಯದು. ಈ ಮಾತುಗಳನ್ನು ಆಡುವವರು ಬಹುಮಟ್ಟಿಗೆ ಹೋಟೆಲಿನ ಬೆಂಚಿನ ಮೇಲೆ ಕುಳಿತು, ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ತಂದಿಟ್ಟ ಚಹಾ ಕುಡಿಯುತ್ತಲೇ ಆಡುತ್ತಾರೆ. ಆ ಹುಡುಗನ ಹೆಸರು ಅವರಿಗೆ ಗೊತ್ತಿರುವುದಿಲ್ಲ. ರಾಯಚೂರಿನ ತೀನ್ ಕಂದೀಲಿನಿಂದ ಹಿಡಿದು ಮಾನ್ವಿ, ದೇವದುರ್ಗದ ಬಸ್‌ಸ್ಟ್ಯಾಂಡುಗಳವರೆಗೆ ಅಂಥ ಹುಡುಗರೆಲ್ಲರಿಗೂ ಒಂದೇ ಹೆಸರು: ಛೋಟು.

ಈ ಮೂರು ಮಾತುಗಳೂ ಸುಳ್ಳು. ಸುಳ್ಳಾದರೂ ಬಹಳ ಉಪಯುಕ್ತವಾದ ಸುಳ್ಳುಗಳು. ಇವುಗಳನ್ನು ಹೇಳಿಕೊಂಡರೆ ಚಹಾ ರುಚಿಯಾಗಿರುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಆದ್ದರಿಂದ ಇವುಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಮೊದಲ ಮಾತು. ಮನೆ ಬಿಟ್ಟ ಹುಡುಗನೆಲ್ಲ ಪುಂಡನೆಂದರೆ ನಮ್ಮ ಜಿಲ್ಲೆಯ ಚರಿತ್ರೆಯೇ ಒಪ್ಪುವುದಿಲ್ಲ. ಮಾನ್ವಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಚೀಕಲಪರ್ವಿ ಎಂಬ ಊರಿದೆ. 1682ರಲ್ಲಿ ಅಲ್ಲಿನ ಒಂದು ಬಡ ಬ್ರಾಹ್ಮಣರ ಮನೆಯಲ್ಲಿ ದಾಸಪ್ಪನೆಂಬ ಹುಡುಗ ಹುಟ್ಟಿದ. ಬಡತನ ತಾಳಲಾರದೆ ಆತ ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟನೆಂದು, ಊರೂರು ಅಲೆದು ಕಾಶಿಯವರೆಗೂ ಹೋಗಿಬಂದನೆಂದು ಹರಿದಾಸ ಪರಂಪರೆಯವರೇ ಹೇಳುತ್ತಾರೆ. ಮುಂದೆ ಆತನೇ ವಿಜಯದಾಸರಾದರು. ಇಂದು ಅವರ ಹೆಸರಿನಲ್ಲಿ ಆರಾಧನೆ ನಡೆಯುತ್ತದೆ, ಅವರ ಸುಳಾದಿಗಳನ್ನು ಭಕ್ತಿಯಿಂದ ಹಾಡುತ್ತಾರೆ. ನಡೆಯಲಿ, ಹಾಡಲಿ. ಆದರೆ ಒಂದು ಸಂಗತಿಯನ್ನು ನೆನೆಯಬೇಕು. ಮನೆ ಬಿಟ್ಟ ಆ ಹುಡುಗನಿಗೆ ದಾರಿಯಲ್ಲಿ ಯಾರೋ ಅನ್ನ ಹಾಕಿರಬೇಕು, ಯಾರೋ ಮಲಗಲು ಜಗುಲಿ ಕೊಟ್ಟಿರಬೇಕು. ಅದೇ ಹುಡುಗ ಇಂದು ರಾಯಚೂರು ಸ್ಟೇಷನ್ನಿನಲ್ಲಿ ಬಂದಿಳಿದರೆ ಅವನನ್ನು ಮೊದಲು ಮಾತಾಡಿಸುವವರು ಯಾರು? ಗುಜರಿ ಅಂಗಡಿಯವನೋ, ಹೋಟೆಲಿನವನೋ, ಹುಡುಗರನ್ನು ದೂರದ ಊರುಗಳಿಗೆ ಕೆಲಸಕ್ಕೆ ಒಯ್ಯುವ ದಲ್ಲಾಳಿಯೋ? ಉತ್ತರ ಎಲ್ಲರಿಗೂ ಗೊತ್ತು.

ರಾಯಚೂರು ಸ್ಟೇಷನ್ನು ಸಾಮಾನ್ಯ ಸ್ಟೇಷನ್ನಲ್ಲ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದರಾಸಿನ ಕಡೆಯಿಂದ ಬಂದ ಹಳಿ ಕೂಡಿದ್ದು ಇಲ್ಲಿಯೇ. ಅಂದಿನಿಂದ ಇಂದಿನವರೆಗೆ ಈ ಊರಿನ ಮುನಿಸಿಕೊಂಡ ಹುಡುಗನಿಗೆ ಎರಡು ಮಹಾನಗರಗಳು ಒಂದೇ ಹಳಿಯ ಎರಡು ತುದಿಗಳು. ಅಪ್ಪ ಹೊಡೆದರೆ ಈ ಕಡೆಯ ಗಾಡಿ, ಮಾಸ್ತರ ಹೊಡೆದರೆ ಆ ಕಡೆಯ ಗಾಡಿ. ಡಬ್ಬಿಯಲ್ಲಿ ಕಸ ಗುಡಿಸಿದರೆ ಯಾರಾದರೂ ಎರಡು ರೂಪಾಯಿ ಕೊಡುತ್ತಾರೆ, ನೀರಿನ ಖಾಲಿ ಬಾಟಲಿ ಆಯ್ದರೆ ಗುಜರಿಯವನು ತೂಗಿ ಹಣ ಕೊಡುತ್ತಾನೆ. ಹಸಿವು ಮರೆಯಲು ಪಂಕ್ಚರ್ ಅಂಗಡಿಯ ಸಲ್ಯೂಷನ್ ಇದ್ದೇ ಇದೆ.

ಈ ಊರಿಗೆ ಇನ್ನೊಂದು ಹಿರಿಮೆಯೂ ಇದೆ, ಅದನ್ನು ನಮ್ಮವರೇ ಮರೆತಿದ್ದಾರೆ. ರೈಲ್ವೆ ಪ್ಲಾಟ್‌ಫಾರಮ್ಮಿನ ಮಕ್ಕಳಿಗಾಗಿ ಇಂದು ದೇಶದ ಹಲವು ಸ್ಟೇಷನ್ನುಗಳಲ್ಲಿ ಕೆಲಸ ಮಾಡಿರುವ ‘ಸಾಥಿ’ ಸಂಸ್ಥೆ 1992ರಲ್ಲಿ ಹುಟ್ಟಿದ್ದು ರಾಯಚೂರಿನಲ್ಲಿ. ಪ್ರಮೋದ್ ಕುಲಕರ್ಣಿಯವರು ಇಲ್ಲಿನ ಬೀದಿ ಮಕ್ಕಳಿಗೆ ಒಂದು ಆಸರೆಯ ಮನೆ ಮಾಡುವುದರೊಂದಿಗೆ ಅದನ್ನು ಆರಂಭಿಸಿದರು. ಅವರ ಅನುಭವದಿಂದ ತಿಳಿದುಬಂದ ವಿಷಯ ಸರಳವಾದದ್ದು. ಮಗು ಸ್ಟೇಷನ್ನಿನಲ್ಲಿ ಇಳಿದ ಮೊದಲ ಕೆಲವು ಗಂಟೆಗಳಲ್ಲೇ ಒಳ್ಳೆಯವರೊಬ್ಬರು ಅದನ್ನು ಮಾತಾಡಿಸಿದರೆ, ಮನೆಗೆ ಮರಳಿಸುವುದು ಸುಲಭ. ತಿಂಗಳು ಕಳೆದರೆ ಕಷ್ಟ. ವರ್ಷ ಕಳೆದರೆ ಮಗುವಿಗೆ ಬೀದಿಯೇ ಮನೆ. ಓಡಿಬರುವ ಮಕ್ಕಳಲ್ಲಿ ಅನೇಕರು ಏಟಿಗೆ ಹೆದರಿ, ಪರೀಕ್ಷೆಗೆ ಹೆದರಿ, ಮಲತಾಯಿಯ ಮಾತಿಗೆ ನೊಂದು ಬಂದವರು. ಅವರ ಮನೆಗಳಲ್ಲಿ ಅವರಿಗಾಗಿ ಅಳುವವರಿದ್ದಾರೆ. ಅಂಥವರನ್ನು ಎಂಟು ಹತ್ತು ವರ್ಷ ಬಾಲಮಂದಿರದ ಗೋಡೆಯೊಳಗೆ ಇಡುವ ಬದಲು ಮನೆಗೆ ತಲುಪಿಸಬೇಕೆಂಬುದು ಈ ಸಂಸ್ಥೆಯ ದಾರಿ. ಹಾಗಾದರೆ ಪುಂಡರು ಯಾರು? ಮನೆಯಲ್ಲಿ ಏಟು ತಿಂದ ಎಂಟು ವರ್ಷದ ಹುಡುಗನೋ, ಮೂರು ದಿನದಿಂದ ಅವನು ಬೆಂಚಿನ ಕೆಳಗೆ ಮಲಗಿದ್ದನ್ನು ಕಂಡೂ ಕಾಣದಂತೆ ಗಾಡಿ ಹತ್ತಿದವರೋ?

ಎರಡನೆಯ ಮಾತಿಗೆ ಬರೋಣ. ಹೆತ್ತವರಿಗೆ ಬೇಡವಂತೆ! ಇದನ್ನು ಹೇಳುವವರು ಒಮ್ಮೆ ಸಂಜೆ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೆಂಗಳೂರಿಗೆ ಹೊರಡುವ ಬಸ್ಸುಗಳನ್ನು ನೋಡಬೇಕು. ಗಂಟುಮೂಟೆ, ಜೋಳದ ಚೀಲ, ಸ್ಟವ್ವು, ಕೊಡ, ಅದರ ನಡುವೆ ಎರಡು ಮೂರು ಮಕ್ಕಳು. ಇದಕ್ಕೆ ನಮ್ಮ ಕಡೆ ಗುಳೆ ಎನ್ನುತ್ತಾರೆ. ಮಕ್ಕಳು ಬೇಡವಾಗಿದ್ದರೆ ಅವರನ್ನು ಕರೆದುಕೊಂಡು ಹೋಗುತ್ತಿದ್ದರೇ? ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇಲ್ಲ. ಇದ್ದರೆ ಕಣ್ಣು ಕಾಣದ ಮುದುಕಿ ಇದ್ದಾಳೆ. ಬೆಂಗಳೂರಿನಲ್ಲಿ ಹತ್ತು ಅಂತಸ್ತಿನ ಕಟ್ಟಡ ಏಳುವ ಜಾಗದ ಪಕ್ಕದಲ್ಲಿ ತಗಡಿನದೋ ನೀಲಿ ತಾಡಪಾಲಿನದೋ ಶೆಡ್ಡು. ತಾಯಿ ಸಿಮೆಂಟು ಹೊರುವಾಗ ಹಸುಗೂಸನ್ನು ಎಂಟು ವರ್ಷದ ಅಕ್ಕ ಎತ್ತಿಕೊಂಡಿರುತ್ತಾಳೆ. ಆ ಅಕ್ಕ ಶಾಲೆಯ ಹಾಜರಿ ಪುಸ್ತಕದಲ್ಲಿ ಊರಿನಲ್ಲಿದ್ದಾಳೆ, ಮೈಯಿಂದ ಬೆಂಗಳೂರಿನಲ್ಲಿದ್ದಾಳೆ. ಲೆಕ್ಕದಲ್ಲಿ ಎರಡೂ ಕಡೆ ಇರುವ ಈ ಹುಡುಗಿ ನಿಜವಾಗಿ ಎಲ್ಲಿಯೂ ಇಲ್ಲ.

ಗುಳೆ ಹೋಗುವುದು ಚಟವಲ್ಲ. ಎರಡು ನದಿಗಳ ನಡುವಿನ ಜಿಲ್ಲೆ ನಮ್ಮದು. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ, ಶಕ್ತಿನಗರದಲ್ಲಿ 1985ರಿಂದ ನಾಡಿಗೆಲ್ಲ ವಿದ್ಯುತ್ತು ತಯಾರಾಗುತ್ತಿದೆ. ಗಂಜಿನಲ್ಲಿ ಹತ್ತಿಯ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಇಷ್ಟಿದ್ದೂ 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಬೇಕಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 60 ಮುಟ್ಟಲಿಲ್ಲ, ಹೆಂಗಸರಲ್ಲಿ ಅದು 50 ಕೂಡ ಆಗಲಿಲ್ಲ. ಎಡದಂಡೆ ಕಾಲುವೆಯ ಮೇಲ್ಭಾಗದವರು ಎರಡು ಭತ್ತ ಬೆಳೆದರೆ ಮಾನ್ವಿಯ ಕೊನೆಭಾಗದ ರೈತ ನೀರಿಗಾಗಿ ರಸ್ತೆ ತಡೆ ಮಾಡುತ್ತಾನೆ. ತುಂಡು ಹೊಲವೂ ಇಲ್ಲದವನಿಗೆ ರಸ್ತೆ ತಡೆಯುವ ಕಾರಣವೂ ಇಲ್ಲ, ಅವನು ಬಸ್ಸು ಹತ್ತುತ್ತಾನೆ. ಉದ್ಯೋಗ ಖಾತರಿ ಯೋಜನೆ 2006ರಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲಿಗೆ ಶುರುವಾದಾಗ ರಾಯಚೂರು ಅದರಲ್ಲಿತ್ತು. ಕೆಲಸ ಕೇಳಿದಾಗ ಕೆಲಸ, ಮಾಡಿದ ಕೂಡಲೇ ಕೂಲಿ ಎಂಬ ಮಾತು ನಡೆದಿದ್ದರೆ ಬೆಂಗಳೂರಿನ ಅರ್ಧ ಶೆಡ್ಡುಗಳು ಖಾಲಿಯಾಗುತ್ತಿದ್ದವು. ಕೂಲಿಗಾಗಿ ತಿಂಗಳುಗಟ್ಟಲೆ ಕಾಯುವಷ್ಟು ಹಿಟ್ಟು ಬಡವನ ಮನೆಯಲ್ಲಿ ಇರುವುದಿಲ್ಲವೆಂಬುದು ಕಡತ ಬರೆಯುವವರಿಗೆ ಹೊಳೆಯಲಿಲ್ಲ.

ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸವನ್ನು ಗಮನಿಸಬೇಕು. ‘ಬೀದಿ ಮಕ್ಕಳು’ ಎಂಬ ಒಂದೇ ಪದದ ಕೆಳಗೆ ನಾವು ಮೂರು ಬಗೆಯ ಮಕ್ಕಳನ್ನು ಸೇರಿಸಿಬಿಟ್ಟಿದ್ದೇವೆ. ಮನೆಯಿದ್ದೂ ಅದನ್ನು ಬಿಟ್ಟು ಬಂದವರು ಒಂದು ಬಗೆ. ಇವರಿಗೆ ಬೇಕಾದದ್ದು ಮೊದಲ ರಾತ್ರಿಯ ಆಸರೆ, ಮಾತಾಡಿಸುವ ಒಬ್ಬ ಮನುಷ್ಯ, ಮನೆಯವರೆಗೆ ಜೊತೆಗೆ ಬರುವ ಒಬ್ಬ ಸಾಥಿ. ಇಡೀ ಕುಟುಂಬವೇ ಬೀದಿಗೆ ಬಿದ್ದ ಗುಳೆಯ ಮಕ್ಕಳು ಎರಡನೆಯ ಬಗೆ. ಇವರನ್ನು ಎಲ್ಲಿಗೆ ಮರಳಿಸುತ್ತೀರಿ? ಬೀಗ ಹಾಕಿದ ಮನೆಗೋ? ಇವರಿಗೆ ಊರಿನಲ್ಲಿ ವಸತಿ, ತಂದೆತಾಯಿಗೆ ಊರಿನಲ್ಲಿ ಕೆಲಸ ಬೇಕು. ಮೂರನೆಯವರು ರಾತ್ರಿ ಗುಡಿಸಲಿನಲ್ಲಿ ಮಲಗಿ ಹಗಲು ಬೀದಿಯಲ್ಲಿ ದುಡಿಯುವವರು: ಚಿಂದಿ ಆಯುವವರು, ಗ್ಯಾರೇಜಿನಲ್ಲಿ ಗ್ರೀಸು ಬಳಿದುಕೊಂಡವರು, ಹೋಟೆಲಿನ ಛೋಟುಗಳು. ಇವರಿಗೆ ಶಾಲೆ ಮತ್ತು ಮನೆಯ ದೊಡ್ಡವರಿಗೆ ನ್ಯಾಯವಾದ ಕೂಲಿ ಬೇಕು. ಮೂರು ರೋಗ, ಮೂರು ಔಷಧ. ನಮ್ಮ ಸರಕಾರಗಳಾದರೋ ಮೂರಕ್ಕೂ ಒಂದೇ ಕಷಾಯ ಕುಡಿಸುತ್ತವೆ. ಮಂತ್ರಿಗಳು ಬರುವ ಹಿಂದಿನ ದಿನ ವ್ಯಾನು ಬರುತ್ತದೆ, ಸಿಕ್ಕಿದ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. ಮಂತ್ರಿಗಳು ಹೋದ ವಾರ ಅದೇ ಮಕ್ಕಳು ಅದೇ ಸಿಗ್ನಲ್ಲಿನಲ್ಲಿ.

ಮೂರನೆಯ ಮಾತು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ಕರುಣೆಯ ಅಂಗಿ ತೊಟ್ಟು ಬರುತ್ತದೆ. ಮಗು ದುಡಿಯದಿದ್ದರೆ ಬಡವರ ಮನೆಯ ಒಲೆ ಉರಿಯುವುದಿಲ್ಲವಂತೆ. ನಮ್ಮ ಹತ್ತಿ ಹೊಲಗಳನ್ನೇ ನೋಡೋಣ. ಹೈಬ್ರಿಡ್ ಬೀಜದ ಹತ್ತಿಯಲ್ಲಿ ಹೂವಿಗೆ ಹೂವು ತಾಗಿಸುವ ಕ್ರಾಸಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳನ್ನೇ ಹಿಡಿಯುತ್ತಾರೆ. ಸಣ್ಣ ಬೆರಳು, ಗಿಡದಷ್ಟೇ ಎತ್ತರ ಎಂದು ಸಮರ್ಥನೆ ಕೊಡುತ್ತಾರೆ. ಬೆರಳಿನ ಅಳತೆಯ ಮಾತು ನೆಪ ಮಾತ್ರ. ಹುಡುಗಿಗೆ ಕೊಡುವ ಕೂಲಿ ಹೆಂಗಸಿಗಿಂತ ಕಡಿಮೆ, ಗಂಡಸಿಗಿಂತ ಬಹಳ ಕಡಿಮೆ, ಅವಳು ಎದುರು ಮಾತಾಡುವುದೂ ಇಲ್ಲ. ಹತ್ತು ಹುಡುಗಿಯರು ಸಿಕ್ಕರೆ ಹತ್ತು ಹೆಂಗಸರಿಗೆ ಕೆಲಸವಿಲ್ಲ. ಇದ್ದರೂ ಹುಡುಗಿಯರ ದರಕ್ಕೆ ಇಳಿದು ಬರಬೇಕು. ಅಂದರೆ ಮಗಳನ್ನು ಹೊಲಕ್ಕೆ ಕಳಿಸಿದ ತಾಯಿ ತನ್ನ ಕೂಲಿಯನ್ನು ತಾನೇ ಇಳಿಸಿಕೊಂಡಂತಾಯಿತು. ಮಗುವಿನ ದುಡಿಮೆ ಬಡತನವನ್ನು ನೀಗುವುದಿಲ್ಲ, ಮುಂದಿನ ತಲೆಮಾರಿಗೆ ಅದನ್ನು ಬರೆದುಕೊಡುತ್ತದೆ. ಲಾಭ ಬೀಜದ ಪಾಕೀಟು ಮಾರುವವನಿಗೆ.

ಇದು ಪುಸ್ತಕದ ಮಾತೆಂದು ತಳ್ಳಿಹಾಕುವವರು ನೆರೆಯ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯ ಕಡೆ ನೋಡಲಿ. ಅಲ್ಲಿ ಶಾಂತಾ ಸಿನ್ಹಾ ಅವರು ಎಂ.ವಿ. ಫೌಂಡೇಷನ್ನಿನ ಮೂಲಕ ಜೀತದಲ್ಲಿದ್ದ, ಹೊಲದಲ್ಲಿದ್ದ ಮಕ್ಕಳನ್ನು ಶಿಬಿರಗಳಲ್ಲಿ ಕಲಿಸಿ ಶಾಲೆಗೆ ಸೇರಿಸಿದರು. ಶಾಲೆಯಿಂದ ಹೊರಗಿರುವ ಪ್ರತಿಯೊಂದು ಮಗುವನ್ನೂ ಬಾಲಕಾರ್ಮಿಕನೆಂದೇ ಎಣಿಸಬೇಕೆಂಬುದು ಅವರ ನಿಲುವು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ತೋರಿಸಿಕೊಟ್ಟದ್ದು ಇಷ್ಟೇ: ಊರು ಮನಸ್ಸು ಮಾಡಿದರೆ ಅತ್ಯಂತ ಬಡ ತಾಯಿಯೂ ಮಗುವನ್ನು ಶಾಲೆಗೆ ಕಳಿಸುತ್ತಾಳೆ. ಶಾಲೆಯೇ ಮಗುವನ್ನು ಬೇಡವೆನ್ನಬಾರದು, ಅಷ್ಟೆ.

ಕಾನೂನುಗಳಿಗೆ ನಮ್ಮಲ್ಲಿ ಬರವಿಲ್ಲ. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. 2009ರಲ್ಲಿ ಶಿಕ್ಷಣ ಹಕ್ಕಿನ ಕಾಯ್ದೆ ಆಯಿತು, 2010ರ ಏಪ್ರಿಲ್‌ನಿಂದ ಜಾರಿಗೆ ಬಂತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಭಿಕ್ಷೆಗೆ ಬಿಟ್ಟವನಿಗೆ ಐದು ವರ್ಷದವರೆಗೆ ಜೈಲು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದು 14ರ ಒಳಗಿನವರ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿದರು, ಜೊತೆಗೆ ‘ಮನೆತನದ ಉದ್ಯೋಗ’ಕ್ಕೆ ವಿನಾಯಿತಿ ಕೊಟ್ಟರು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಬೀಡಿ ಕಟ್ಟುವ, ಊದಿನಕಡ್ಡಿ ಹೊಸೆಯುವ ಮನೆಗಳಲ್ಲಿ ಯಾವ ಇನ್ಸ್‌ಪೆಕ್ಟರು ಗಡಿಯಾರ ಹಿಡಿದು ನಿಲ್ಲುತ್ತಾನೆ? ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗಳಲ್ಲಿ ಊಟದ ಜೊತೆ ತಿಂಗಳಿಗೊಂದಿಷ್ಟು ಭತ್ಯೆಯಾದರೂ ಇತ್ತು. 2021ರಲ್ಲಿ ಅದನ್ನು ಸಮಗ್ರ ಶಿಕ್ಷಣದೊಳಗೆ ವಿಲೀನ ಮಾಡಿದರು. ‘ಕೂಲಿಯಿಂದ ಶಾಲೆಗೆ’, ‘ಬಾ ಬಾಲೆ ಶಾಲೆಗೆ’, ‘ಬಾ ಮರಳಿ ಶಾಲೆಗೆ’, ‘ಚಿಣ್ಣರ ಅಂಗಳ’ ಎಂದು ಒಂದು ಕಾಲದಲ್ಲಿ ಎಷ್ಟು ಮುದ್ದಾದ ಹೆಸರುಗಳಿದ್ದವು! ಹೆಸರಿಡುವ ಶಾಸ್ತ್ರದಲ್ಲಿ ನಮ್ಮ ಇಲಾಖೆಗಳನ್ನು ಮೀರಿಸಿದವರಿಲ್ಲ. ಪ್ರತಿ ವರ್ಷ ಜೂನ್ 12ರಂದು ಬಾಲಕಾರ್ಮಿಕ ವಿರೋಧಿ ದಿನದ ಜಾಥಾ ಹೊರಡುತ್ತದೆ. ಜಾಥಾದಲ್ಲಿ ನಡೆಯುವ ಮಕ್ಕಳೂ ಶಾಲೆಯ ಮಕ್ಕಳೇ. ಯಾರಿಗಾಗಿ ಜಾಥಾವೋ ಅವರು ರಸ್ತೆಬದಿಯಲ್ಲಿ ಗ್ಲಾಸು ತೊಳೆಯುತ್ತ ಅದನ್ನು ನೋಡುತ್ತಾರೆ.

ಸರಕಾರ ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಬೇಕು. 2001ರ ಸುಪ್ರೀಂ ಕೋರ್ಟಿನ ಆದೇಶದ ನಂತರ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಎಷ್ಟೋ ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಟ್ಟದ್ದು ಪಾಠವಲ್ಲ, ಆ ಊಟ. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿದಂತೆ ಈ ಕಡೆಯ ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ಅದನ್ನು ವಿರೋಧಿಸಿದರು. ಮಗುವಿನ ತಟ್ಟೆಗೆ ಏನು ಬೀಳಬಾರದೆಂದು ಗಟ್ಟಿಯಾಗಿ ಮಾತಾಡಿದವರು, ಅದೇ ತಟ್ಟೆ ಖಾಲಿಯಿದ್ದ ಅಷ್ಟು ವರ್ಷ ಎಲ್ಲಿದ್ದರು? ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಇತ್ತು. ತಿನ್ನುವ ಮಗುವಿನ ಕೈಯಿಂದ ಕಸಿಯುವ ಹಕ್ಕು ಯಾರಿಗೂ ಇಲ್ಲ.

ಈಗ ನಮ್ಮ ಕೌಮಿನವರಿಗೂ ಎರಡು ಮಾತು ಹೇಳಬೇಕು. 2006ರ ಸಾಚಾರ್ ಸಮಿತಿ ವರದಿಯನ್ನು ವೇದಿಕೆಗಳ ಮೇಲೆ ಎತ್ತಿ ಎತ್ತಿ ತೋರಿಸುವವರು ಅದರ ಒಂದು ಸಾಲನ್ನು ಮೊಹಲ್ಲಾದಲ್ಲಿ ಓದಿ ಹೇಳಲಿ. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನೂರಕ್ಕೆ 25ರಷ್ಟು ಶಾಲೆಯ ಮುಖ ನೋಡದವರು ಅಥವಾ ನಡುವೆ ಬಿಟ್ಟವರು. ಮದರಸಾಗಳಿಗೆ ಹೋಗುವವರಾದರೋ ನೂರಕ್ಕೆ ಮೂರು ನಾಲ್ಕು ಮಾತ್ರ. ಹಾಗಿದ್ದರೆ ಉಳಿದವರು ಎಲ್ಲಿದ್ದಾರೆ? ಗ್ಯಾರೇಜಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ, ಬೇಕರಿಯ ಭಟ್ಟಿಯ ಮುಂದೆ. ಅವರ ಉಸ್ತಾದರು ಹಲವು ಕಡೆ ನಮ್ಮವರೇ. ‘ಹುನರ್ ಕಲಿಸುತ್ತಿದ್ದೇವೆ’ ಎನ್ನುವ ಉಸ್ತಾದರು ತಮ್ಮ ಸ್ವಂತ ಮಕ್ಕಳಿಗೆ ಆ ಹುನರನ್ನು ಕಾನ್ವೆಂಟಿನಲ್ಲಿ ಕಲಿಸುತ್ತಿದ್ದಾರೆ. 1ರಿಂದ 8ನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿದ್ದು ಅನ್ಯಾಯ. ಅದನ್ನು ಖಂಡಿಸಲೇಬೇಕು. ಆದರೆ ಖಂಡನೆಯ ಸಭೆಗೆ ಚಹಾ ತಂದುಕೊಡುವವನೂ ಛೋಟು ಆಗಿದ್ದರೆ ಆ ಖಂಡನೆಗೆ ಏನು ಬೆಲೆ?

ಉರ್ದು ಶಾಲೆಗಳಲ್ಲಿ ಓದಿದವರಿಗೆ ಪ್ರೇಮ್‌ಚಂದರ ‘ಈದ್‌ಗಾಹ್’ ಕತೆಯ ಹಾಮಿದ್ ಗೊತ್ತು. ಹಬ್ಬದ ದಿನ ಮೂರು ಪೈಸೆಯಲ್ಲಿ ಮಿಠಾಯಿ ತಿನ್ನದೆ, ರೊಟ್ಟಿ ಸುಡುವಾಗ ಕೈ ಸುಟ್ಟುಕೊಳ್ಳುವ ಅಜ್ಜಿಗಾಗಿ ಚಿಮ್ಮಟ ತಂದ ಯತೀಮ ಬಾಲಕ. ಅದನ್ನು ಓದಿ ಕಣ್ಣೊರೆಸಿಕೊಳ್ಳುವವರು ಈದ್‌ಗಾಹದ ಹೊರಗೆ ಸಾಲಾಗಿ ಕೈಚಾಚಿ ನಿಂತ ಹಾಮಿದರಿಗೆ ಚಿಲ್ಲರೆ ಹಾಕಿ ಮುಂದೆ ಹೋಗುತ್ತಾರೆ. ಪ್ರವಾದಿಯವರೇ ಯತೀಮರಾಗಿ ಬೆಳೆದವರು. ಯತೀಮರ ಹಕ್ಕು ನಮ್ಮ ದೀನಿನಲ್ಲಿ ಎಷ್ಟು ದೊಡ್ಡದೆಂದು ಯಾರಿಗೂ ಕಲಿಸಬೇಕಾಗಿಲ್ಲ. ರಂಜಾನಿನಲ್ಲಿ ನೂರಕ್ಕೆ ಎರಡೂವರೆ ಲೆಕ್ಕ ಹಾಕಿ ಕೊಡುವ ಝಕಾತು ಚಿಲ್ಲರೆಯಾಗಿ ಚದುರಿಹೋದರೆ ಮುಂದಿನ ರಂಜಾನಿಗೆ ಅದೇ ಕೈ ಅಲ್ಲೇ ಚಾಚಿರುತ್ತದೆ. ಒಂದು ಮೊಹಲ್ಲಾದವರು ಅದನ್ನು ಕೂಡಿಸಿ, ಹತ್ತು ಮಕ್ಕಳನ್ನು ಹತ್ತನೇ ಇಯತ್ತೆಯವರೆಗೆ ಓದಿಸುತ್ತೇವೆ, ಅವರ ತಾಯಂದಿರಿಗೆ ಹೊಲಿಗೆ ಯಂತ್ರವನ್ನೋ ತಳ್ಳುಗಾಡಿಯನ್ನೋ ಕೊಡಿಸುತ್ತೇವೆಂದು ನಿಶ್ಚಯಿಸಿದರೆ ಸಾಲು ಹತ್ತರಷ್ಟು ಚಿಕ್ಕದಾಗುತ್ತದೆ. ಇದೇ ಮಾತು ದೇವಸ್ಥಾನದ ಮೆಟ್ಟಿಲಿಗೂ, ಚರ್ಚಿನ ಗೇಟಿಗೂ ಸಲ್ಲುತ್ತದೆ. ಹಸಿವಿಗೆ ಜಾತಿಯ ದಾಖಲೆ ಬೇಕಾಗಿಲ್ಲ. ಗುಳೆಯ ಬಸ್ಸಿನಲ್ಲಿ ದಲಿತರೂ ನಾಯಕರೂ ಮುಸ್ಲಿಮರೂ ಅಲೆಮಾರಿಗಳೂ ಒಂದೇ ಸೀಟಿನ ಮೇಲೆ ಕುಳಿತಿರುತ್ತಾರೆ.

ಹಣವಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. 371ಜೆ ಬಂದು ಹತ್ತು ವರ್ಷ ಮೀರಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲೇ 5,000 ಕೋಟಿ ರೂಪಾಯಿ ಘೋಷಿಸಿದರು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಲ್ಲಿ ಧರಣಿ ಆರಂಭಿಸಿ ಸಾವಿರ ದಿನ ದಾಟಿಸಿದ ಊರು ಇದು. ಆ ಬೇಡಿಕೆ ನ್ಯಾಯವಾದದ್ದು. ಅಷ್ಟು ಛಲವುಳ್ಳ ಊರು ತನ್ನ ಸ್ಟೇಷನ್ನಿನ ಮಕ್ಕಳಿಗಾಗಿ ಹತ್ತು ದಿನ ಕುಳಿತರೆ ಸಾಕು, ಆಡಳಿತ ಎದ್ದು ನಿಲ್ಲುತ್ತದೆ.

ಏನು ಕೇಳಬೇಕೆಂಬುದೂ ಸ್ಪಷ್ಟವಿದೆ. ಪ್ರತಿ ಗ್ರಾಮ ಪಂಚಾಯತಿ ಒಂದು ಗುಳೆ ಪುಸ್ತಕ ಇಡಬೇಕು. ಯಾವ ಕುಟುಂಬ, ಯಾವ ಊರಿಗೆ, ಎಷ್ಟು ಮಕ್ಕಳ ಜೊತೆ ಹೋಯಿತೆಂದು ಬರೆಯಬೇಕು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಹಾಡು, ಭಾಷಣದ ಬದಲು ಆ ಪುಸ್ತಕವನ್ನು ಓದಬೇಕು. ಗುಳೆ ಮಕ್ಕಳ ವಸತಿ ನಿಲಯಗಳು ಬಸ್ಸು ಹೊರಡುವ ಮೊದಲು ತೆರೆಯಬೇಕು, ಹೊರಟ ಮೇಲಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಪ್ರವೇಶ ಪರೀಕ್ಷೆ ಇದೆ. ಐದನೇ ಇಯತ್ತೆ ಮುಟ್ಟದ ಮಗು ಆ ಪರೀಕ್ಷೆಯ ಬಾಗಿಲಿಗೂ ಬರಲಾರದು. ಬೀದಿಯಿಂದ, ಗುಳೆಯಿಂದ ಬಂದ ಮಕ್ಕಳಿಗೆ ಪರೀಕ್ಷೆಯಿಲ್ಲದೆ ಕೆಲವು ಸೀಟು ಮೀಸಲಿಡಬೇಕು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಕೂಸಿನ ಮನೆ ಇರಲೇಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಎಷ್ಟು ಕಡೆ ಇತ್ತೆಂದು ಬಿಲ್ಡರುಗಳನ್ನು ಕೇಳಬೇಕು. ಅವರಿಂದ ಸೆಸ್ಸು ವಸೂಲಿ ಮಾಡಿ ಕೂಡಿಟ್ಟ ಹಣ ಕಾರ್ಮಿಕರ ಮಕ್ಕಳದ್ದು. ರಾಯಚೂರು ಸ್ಟೇಷನ್ನಿನ ಹತ್ತಿರ ರಾತ್ರಿಯೂ ತೆರೆದಿರುವ, ಬೀಗವಿಲ್ಲದ ಒಂದು ಮನೆ ಇರಬೇಕು. ಮಗು ತಾನಾಗಿ ಒಳಗೆ ಬರುವಂತಿರಬೇಕು, ಜೈಲಿನಂತೆ ಕಂಡು ಹಿಂದಿನ ಗೋಡೆ ಹಾರುವಂತಿರಬಾರದು.

ಇನ್ನು ಓದುಗರು ಕೇಳಬಹುದು, ‘ನಾವು ಏನು ಮಾಡಬೇಕು?’ ಎಂದು. ದೊಡ್ಡದೇನೂ ಬೇಡ. ಮಗುವಿನ ಕೈಯಿಂದ ಚಹಾ ತರಿಸುವ ಹೋಟೆಲಿನಲ್ಲಿ ಚಹಾ ಕುಡಿಯಬೇಡಿ. ಏಕೆ ಕುಡಿಯುತ್ತಿಲ್ಲವೆಂದು ಮಾಲೀಕನಿಗೆ ಕೇಳುವ ಹಾಗೆ ಹೇಳಿ ಎದ್ದು ಬನ್ನಿ. ಮನೆಗೆಲಸಕ್ಕೆ ಹಳ್ಳಿಯಿಂದ ‘ಮಗಳ ಹಾಗೆ ನೋಡಿಕೊಳ್ಳುತ್ತೇವೆ’ ಎಂದು ಹುಡುಗಿಯನ್ನು ತರಬೇಡಿ. ನಿಮ್ಮ ಮಗಳು ಶಾಲೆಗೆ ಹೋಗುವಾಗ ಇವಳು ಅವಳ ಊಟದ ಡಬ್ಬಿ ತೊಳೆಯುತ್ತಿದ್ದರೆ ಅದು ಮಗಳ ಹಾಗಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಒಂಟಿಯಾಗಿ ಕುಳಿತ ಮಗು ಕಂಡರೆ ಮೊಬೈಲು ತೆಗೆದು ಫೋಟೋ ಹಿಡಿಯಬೇಡಿ, 1098 ಒತ್ತಿ. ಯಾರಾದರೂ ಬರುವವರೆಗೆ ಅದರ ಪಕ್ಕದಲ್ಲಿ ಕುಳಿತಿರಿ. ನಿಮ್ಮ ಗಾಡಿ ತಪ್ಪಬಹುದು, ಇನ್ನೊಂದು ಬರುತ್ತದೆ. ಆ ಮಗುವಿನ ಮೊದಲ ರಾತ್ರಿ ಮತ್ತೆ ಬರುವುದಿಲ್ಲ.